ದೋಣಿಯಲ್ಲಿ ಮೂವರು

“ಪ್ರತಿ ನಿಮ್ಮದೇ. ಅಕ್ಷರ ನಿಮ್ಮದಲ್ಲ,” ಎಂದಳು ಸುಕೇಸಿ.

ತುಮಿನಾಹ್ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಹಾಳೆಯನ್ನು ಮುಟ್ಟದೆ ಬಾಗಿ ನೋಡಿದಳು. ಜಾವಾದ ಸಲಾತಿಗ ಊರಿನ ಆ ಬೀದಿಯಲ್ಲಿ ಅವಳ ಮಿಠಾಯಿ ಮನೆ ಗೊತ್ತಿಲ್ಲದವರಿಲ್ಲ. ಹುರಿದ ಕಡಲೆಬೀಜವನ್ನು ಸಕ್ಕರೆ ಪಾಕದ ಜೊತೆ ಕುಟ್ಟಿ, ಕಾಗದದಲ್ಲಿ ಮೂರು ಮೂಲೆಯಾಗಿ ಸುತ್ತಿ ಮಾರುವ ಗೆಪುಕ್ ಅವಳ ಅಜ್ಜಿಯ ಕಾಲದ ಕಸುಬು. ವರಾಂಡದ ಮೇಜು, ಕುರ್ಚಿ, ತುಮಿನಾಹಳ ಹುಬ್ಬು ಎಲ್ಲದರ ಮೇಲೂ ಕಡಲೆಯ ಸಣ್ಣ ಹುಡಿ.

ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಎರಡು ಸಾಲು ಇದ್ದವು.

‘ದೋಣಿಯಲ್ಲಿ ಇಬ್ಬರಲ್ಲ, ಮೂವರಿದ್ದರು. ಬ್ರಾಂಜಾಂಗ್ ಹತ್ತಿರ ಹೋಗಲೇ ಇಲ್ಲ.’

“ನಾನು ಬರೆದದ್ದು ಈ ಕೆಳಗಿನದು,” ಎಂದು ತುಮಿನಾಹ್ ಬೆರಳು ತೋರಿಸಿದಳು. “‘ಈ ಹೆಂಗಸು ಪುಟಕ್ಕೆರಡು ಸಲ ಅಳ್ತಾಳೆ, ಕಮ್ಮಿ ಮಾಡು’ ಅಂತ. ಅದು ನನ್ನದು, ಒಪ್ಕೋತೀನಿ. ಮೇಲಿನದು ಈಗಲೇ ನೋಡ್ತಿರೋದು.”

“ವಾಪಸ್ ಕೊಡೋವಾಗ ಕಾಣಲಿಲ್ವಾ?”

“ಬು ಸುಕೇಸಿ,” ಎಂದಳು, ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಹಾಗೆ. “ನಾನು ಒಲೆ ಮೇಲೆ ಪಾಕ ಬಿಟ್ಟು ಓಡಿಬಂದು ಬುಟ್ಟಿಗೆ ಹಾಕಿ ಹೋದವಳು. ಅಲ್ಲಾ, ಯಾರದೂ ಹೆಸರು ಬರೆಯೋ ಹಾಗಿಲ್ಲ ಅಂತ ತಾನೇ ಪಾಲುಪಿ ಹೇಳಿದ್ದು. ನನ್ನ ಪ್ರತಿ ಅಂತ ಹೇಗೆ ಹಿಡಿದ್ರಿ?”

ಸುಕೇಸಿ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಬಲ ಅಂಚಿನಲ್ಲಿ ಹೆಬ್ಬೆರಳಿನಗಲದ ಜಾಗ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಅದರಾಚೆ ಗೇಟಿನ ಸರಳುಗಳು ಮಸುಕಾಗಿ ಕಂಡವು.

“ಕಡಲೆ ಎಣ್ಣೆ,” ಎಂದಳು ಸುಕೇಸಿ.

ತುಮಿನಾಹ್ ತನ್ನ ಕೈಗಳನ್ನು ನೋಡಿಕೊಂಡು, ಅವನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

ಇದು ಶುರುವಾದದ್ದು ಎಂಟು ದಿನದ ಹಿಂದೆ, ಪಾಲುಪಿ ತನ್ನ ಮುಗಿಯದ ಕಾದಂಬರಿಯ ಒಂಬತ್ತನೇ ಅಧ್ಯಾಯ ತಂದು, ‘ಈ ಎರಡು ಸಾಲು ಬರೆದವರನ್ನ ಹುಡುಕಿಕೊಡಿ’ ಎಂದು ಸುಕೇಸಿಯ ಮುಂದಿಟ್ಟಾಗ.

ಪಾಲುಪಿಗೆ ಮೂವತ್ತಮೂರು. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಬರವಣಿಗೆ. ಒಂದೊಂದು ಅಧ್ಯಾಯ ಮುಗಿದ ಹಾಗೂ ಅಂಚು ಅಗಲ ಬಿಟ್ಟು ಏಳು ಪ್ರತಿ ತೆಗೆಸಿ, ಭಾನುವಾರ ಬೆಳಿಗ್ಗೆ ಓಣಿಯ ವಾಚನಾಲಯದಲ್ಲಿ ಏಳು ಜನಕ್ಕೆ ಹಂಚುತ್ತಿದ್ದಳು. ‘ದಾಕ್ಷಿಣ್ಯ ಬೇಡ, ಬೋರಾದ ಕಡೆ ಬೋರು ಅಂತಲೇ ಬರೀರಿ’ ಎಂದು ಪ್ರತಿ ಸಲ ಹೇಳುತ್ತಿದ್ದಳು. ಮುಂದಿನ ಭಾನುವಾರ ಪ್ರತಿಗಳು ಬುಟ್ಟಿಗೆ ಬಂದು ಬೀಳುತ್ತಿದ್ದವು. ಆ ಏಳು ಜನರಲ್ಲಿ ತುಮಿನಾಹ್ ಒಬ್ಬಳಾದರೆ, ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಖೋಟಾ ಸಹಿ, ಖೋಟಾ ಪತ್ರ ನೋಡಿ ನಿವೃತ್ತಳಾದ ಸುಕೇಸಿ ಇನ್ನೊಬ್ಬಳು.

ಕಾದಂಬರಿಯಲ್ಲಿದ್ದದ್ದು ಪಾಲುಪಿಯ ಅಪ್ಪನ ಸಾವು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಸುತೊಪೊ ತನ್ನ ಜೊತೆಗಾರ ಜುಮಾದಿಯ ಸಂಗಡ ರಾವಾ ಪೆನಿಂಗ್ ಸರೋವರಕ್ಕೆ ದೋಣಿ ಇಳಿಸಿದ್ದ. ಮರಳಿ ಬಂದವನು ಜುಮಾದಿ ಒಬ್ಬನೇ. ಎರಡು ದಿನದ ಹಿಂದಷ್ಟೇ ಬಲೆ ಹಾಕುವ ಜಾಗಕ್ಕಾಗಿ ಇಬ್ಬರಿಗೂ ಮಾತು ಬೆಳೆದಿತ್ತು. ಪೊಲೀಸರು ಹದಿನೆಂಟು ದಿನ ಕೇಳಿ, ಸಾಕ್ಷಿ ಸಿಗದೆ ಬಿಟ್ಟರು. ಊರಿನವರು ಮಾತ್ರ ಅವನನ್ನು ಬಿಡಲಿಲ್ಲ. ಜುಮಾದಿ ಎಲ್ಲಿಗೋ ಹೊರಟುಹೋದ. ಪಾಲುಪಿ ಹೆಸರು ಬದಲಿಸಿ ಬರೆದಿದ್ದರೂ, ಒಂಬತ್ತನೇ ಅಧ್ಯಾಯದ ಕೊಲೆಗಾರ ಯಾರೆಂದು ಸರೋವರದ ಸುತ್ತ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಮೂವರಿದ್ದರು ಅಂದರೆ, ಅಪ್ಪ ಸಾಯುವುದನ್ನು ನೋಡಿ ಇಪ್ಪತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡ ಇನ್ನೊಂದು ಜೀವ ಇದೆ. ಪಾಲುಪಿಗೆ ಅದು ಯಾರೆಂದು ಬೇಕಿತ್ತು. ನಾಳೆ ಭಾನುವಾರ. ಅಷ್ಟರೊಳಗೆ ಹೇಳುತ್ತೇನೆಂದು ಸುಕೇಸಿ ಮಾತು ಕೊಟ್ಟಿದ್ದಳು.

“ಈ ಹಾಳೆ ನಿಮ್ಮ ಮನೇಲಿ ಯಾರ ಕೈಗೆ ಹೋಗಿತ್ತು?”

“ಎಲ್ಲರ ಕೈಗೂ.” ತುಮಿನಾಹಳ ಮುಖದಲ್ಲಿ ತಪ್ಪು ಮಾಡಿದ ನಗು ಬಂತು. “ರೇಡಿಯೋ ಕೆಟ್ಟು ಮೂರು ತಿಂಗಳಾಯ್ತು ಬು. ಕೆಲಸದವರಿಗೆ ಹೊತ್ತು ಹೋಗಲ್ಲ. ಹತ್ತು ಗಂಟೆಗೆ ನಾನೇ ಕೂತು ಗಟ್ಟಿಯಾಗಿ ಓದ್ತೀನಿ, ಅವರು ಕುಟ್ತಾ ಕೇಳ್ತಾರೆ. ಹೆಂಗಸು ಅಳೋದು ಜಾಸ್ತಿ ಅಂದದ್ದೂ ಅವರೇ. ಪಾಲುಪಿಗೆ ಹೇಳ್ಬೇಡಿ. ಏಳು ಜನ ಅಂದ್ಕೊಂಡಿದಾಳೆ, ಹದಿನಾರು ಜನ ಆಗಿದೀವಿ.”

“ಅದರಲ್ಲಿ ಎಡಗೈಯವರು ಯಾರು?”

“ಎಡಗೈ?”

“ನೋಡಿ, ಬರೆದಿದ್ದರ ಮೇಲೆ ಅಂಗೈ ಒರೆಸಿಕೊಂಡು ಹೋಗಿದೆ. ಬಲಗೈಯಲ್ಲಿ ಬರೆದವರ ಕೈ ಬರೆದ ಅಕ್ಷರದ ಮೇಲೆ ಹೋಗಲ್ಲ. ಇನ್ನೊಂದು. ಪಾಲುಪಿ ಬರೀ ಬಲೆ ಅಂತ ಬರೆದಿದಾಳೆ. ಇಲ್ಲಿ ಬ್ರಾಂಜಾಂಗ್ ಅಂತಿದೆ. ಬಿದಿರಿಗೆ ಕಟ್ಟಿ ಇಳಿಸೋ ಆ ದೊಡ್ಡ ಬಲೆಗೆ ಸರೋವರದವರೇ ಹಾಗನ್ನೋದು. ಅಲ್ಲಿಂದ ಬಂದವರು, ವಯಸ್ಸಾದವರು, ಹಳೇ ಶಾಲೆಯ ಓರೆ ಅಕ್ಷರ.”

ತುಮಿನಾಹ್ ಕುಟ್ಟುವ ಮನೆಯ ಕಡೆ ತಿರುಗಿದಳು. ಒಳಗಿನಿಂದ ಒನಕೆಗಳ ಸದ್ದು ಒಂದೇ ಸಮ ಬರುತ್ತಿತ್ತು.

“ಪಾಕ್ ಕರ್ಸೊ,” ಎಂದಳು, ಹಿರಿಯ ಗಂಡಸರನ್ನು ಕರೆಯುವ ಗೌರವದ ‘ಪಾಕ್’ ಸೇರಿಸಿ. “ಇಪ್ಪತ್ತಾರು ವರ್ಷದಿಂದ ಇದಾನೆ. ಒಂದು ದಿನ ಗಟ್ಟಿಯಾಗಿ ಮಾತಾಡಿದವನಲ್ಲ. ಆ ಹಾಳೆ ಒಂದ್ಸಲ ಕೊಡಿ, ಊಟದ ಹೊತ್ತಲ್ಲಿ ನೋಡಿ ಕೊಡ್ತೀನಿ ಅಂದ. ಇವನಿಗೂ ಕಥೆ ಹಿಡೀತಲ್ಲ ಅಂತ ಖುಷಿಯಾಗಿ ಕೊಟ್ಟೆ.”

ಕುಟ್ಟುವ ಮನೆಯ ಹಿಂದೆ ಕಡಲೆ ಸಿಪ್ಪೆ ಕೇರುವ ಅಂಗಳವಿತ್ತು. ಅರವತ್ತಾರು ದಾಟಿದ ಒಬ್ಬ ಮುದುಕ ಮೊರ ಹಿಡಿದು ನಿಂತಿದ್ದ. ಮೊರದ ಭಾರವೆಲ್ಲ ಎಡಗೈ ಮೇಲಿತ್ತು. ಬೆಳಗಿನ ಗಾಳಿಗೆ ಕೆಂಪು ಸಿಪ್ಪೆ ಹಾರಿ ಅವನ ಬಿಳಿ ತಲೆಗೂದಲಲ್ಲಿ ಸಿಕ್ಕಿಕೊಂಡಿತ್ತು.

ಸುಕೇಸಿ ಅವನ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಹಾಳೆಯನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಎರಡು ಸಲ ಮೊರ ಝಾಡಿಸಿದ.

“ಅಳಿಸೋ ರಬ್ಬರ್ ಇರಲಿಲ್ಲ,” ಎಂದ. “ಬರೆದ ಮೇಲೆ ಬೇಡ ಅನ್ನಿಸ್ತು.”

“ಕುತ್ಕೊಳ್ಳಿ ಪಾಕ್ ಜುಮಾದಿ. ದೋಣೀಲಿ ಎಷ್ಟು ಜನ ಇದ್ರು ಅಂತ ಗೊತ್ತಿರೋದು ವಾಪಸ್ ಬಂದವನಿಗೇ.”

ಕರ್ಸೊ ಎಂದು ಬದಲಿಸಿಕೊಳ್ಳುವ ಮೊದಲಿನ ಆ ಹೆಸರು ಕೇಳಿ ಅವನೇನೂ ಬೆಚ್ಚಲಿಲ್ಲ. ಮೊರವನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತ.

“ಪೊಲೀಸಾ?”

“ಆಗಿದ್ದೆ. ಈಗ ಕಾದಂಬರಿ ಓದ್ತೀನಿ. ನಿಮ್ಮ ಹಾಗೆ.”

“ನಾನು ಓದಿದ್ದು ಅದೊಂದೇ ಹಾಳೆ. ಉಳಿದದ್ದು ಕೇಳಿದ್ದು.” ಅವನು ನೆಲದಿಂದ ಒಂದು ಕಡಲೆ ಬೀಜ ಹೆಕ್ಕಿ ಬೆರಳಲ್ಲಿ ಉರುಳಿಸಿದ. “ಆ ಹುಡುಗಿ ಚೆನ್ನಾಗಿ ಬರೀತಾಳೆ. ಮಂಜು, ನೀರಿನ ವಾಸನೆ, ಬಾತುಕೋಳಿಗಳ ಸದ್ದು, ಎಲ್ಲಾ ಇದ್ದದ್ದು ಇದ್ದ ಹಾಗೆ. ನನಗೆ ಅಲ್ಲೇ ಕೂತ ಹಾಗಾಯ್ತು.”

“ನಿಮ್ಮನ್ನ ಕೊಲೆಗಾರ ಅಂತ ಬರೆದಿದಾಳೆ.”

“ಅದು ಊರೇ ಹೇಳಿದ್ದು. ಅವಳದೇನು ತಪ್ಪು.”

“ಮತ್ತೆ ಯಾಕೆ ಬರೆದ್ರಿ? ಇಷ್ಟು ವರ್ಷ ಸುಮ್ಮನಿದ್ದವರು?”

ಅವನು ಬೆರಳಲ್ಲಿದ್ದ ಬೀಜವನ್ನು ನೋಡಿದ.

“ಕೊಂದ ಅಂತ ಬರೆದಳಲ್ಲ, ಅದನ್ನ ನುಂಗಿದೆ,” ಎಂದ. “ಆಮೇಲೆ ಅವನು ದೋಣೀಲಿ ಕೂತು ಲವಂಗದ ಸಿಗರೇಟು ಹಚ್ಚಿದ ಅಂತ ಬರೆದಿದಾಳೆ. ಆರಾಮಾಗಿ ಹೊಗೆ ಬಿಟ್ಟ ಅಂತ. ಕುಟ್ಟೋರೆಲ್ಲ ಥೂ ಅಂದ್ರು. ನಾನೂ ಅವರ ಜೊತೆ ಕೂತಿದ್ದೆ. ಬು, ನಾನು ಮಧ್ಯಾಹ್ನದ ತನಕ ಆ ನೀರೊಳಗೆ ಗಳ ಹಾಕಿ ತಡಕಾಡಿದೀನಿ. ಅಂಗೈ ಚರ್ಮ ಕಿತ್ತು ಬಂದಿತ್ತು. ಸಿಗರೇಟು ಹಚ್ಚಿದ ಅನ್ನೋದು ಮಾತ್ರ ತಡ್ಕೊಳ್ಳೋಕಾಗಲಿಲ್ಲ.”

ಸುಕೇಸಿ ಅಧ್ಯಾಯದ ಕೊನೆಯ ಹಾಳೆ ತಿರುಗಿಸಿದಳು.

“ಇಲ್ಲೊಂದು ಸಾಲು ಇದೆ. ವಾಪಸ್ ಬಂದವನ ಕುತ್ತಿಗೆ ಮೇಲೆ ದಾರ ಎಳೆದ ಹಾಗೆ ನಾಲ್ಕು ಗೀರು, ಎರಡು ಬೆರಳಗಲದೊಳಗೆ. ಸುತೊಪೊ ಜೀವ ಉಳಿಸಿಕೊಳ್ಳೋಕೆ ಪರಚಿದ್ದು ಅಂತ ಪಾಲುಪಿ ಬರೆದಿದಾಳೆ. ಎಲ್ಲಿಂದ ಬಂತು ಇದು ಅಂತ ಕೇಳಿದೆ. ಅಮ್ಮ ಹೇಳಿದ್ದು, ಊರವರೂ ನೋಡಿದ್ರು ಅಂದಳು.”

ಜುಮಾದಿಯ ಎಡಗೈ ತಾನಾಗಿಯೇ ಕುತ್ತಿಗೆಗೆ ಹೋಯಿತು.

“ನನ್ನ ಪ್ರತಿಯಲ್ಲಿ ಆ ಸಾಲಿನ ಪಕ್ಕ ‘ನಂಬೋಕಾಗಲ್ಲ’ ಅಂತ ಬರೆದಿದ್ದೆ,” ಎಂದಳು ಸುಕೇಸಿ. “ದೋಣಿ ತಳ್ಳಿ ತಳ್ಳಿ ಮೊಂಡಾದ ಗಂಡಸಿನ ಉಗುರು ದಾರದ ಹಾಗೆ ಗೀರಲ್ಲ. ನಾಲ್ಕೂ ಬೆರಳು ಎರಡು ಬೆರಳಗಲದೊಳಗೆ ಕೂರಲ್ಲ. ಅದು ಪುಟ್ಟ ಕೈ. ಕುತ್ತಿಗೆ ತಬ್ಬಿ ಹಿಡಿದ ಕೈ.”

ಒನಕೆಗಳ ಸದ್ದು ನಿಂತಿತು. ಒಳಗೆ ಯಾರೋ ಪಾಕ ಸಾಕೋ ಬೇಕೋ ಎಂದು ಕೇಳಿದರು. ಮತ್ತೆ ಸದ್ದು ಶುರುವಾಯಿತು.

“ಪಾಲುಪಿಗೆ ಆಗ ನಾಲ್ಕು ವರ್ಷ,” ಎಂದಳು ಸುಕೇಸಿ.

ಜುಮಾದಿ ಕೈಯಲ್ಲಿದ್ದ ಕಡಲೆ ಬೀಜವನ್ನು ಎರಡು ಹೋಳು ಮಾಡಿ ನೆಲಕ್ಕೆ ಬಿಟ್ಟ.

“ಹಠ ಮಾಡಿದ್ಲು,” ಎಂದ, ಬಹಳ ಮೆಲ್ಲಗೆ. “ನಾನೂ ಬರ್ತೀನಿ ಅಂತ. ಸುತೊಪೊಗೆ ಅವಳು ಅತ್ರೆ ಆಗ್ತಿರಲಿಲ್ಲ. ಇನ್ನೂ ಮಂಜು ಬಿಟ್ಟಿರಲಿಲ್ಲ, ಅವರ ಅಡುಗೆಮನೆ ಹಿಂದಿನ ಮೆಟ್ಟಿಲಲ್ಲೇ ಹತ್ತಿಸಿಕೊಂಡ್ವಿ, ಯಾರೂ ನೋಡಲಿಲ್ಲ. ಬಲೆ ಹತ್ತಿರ ಹೋಗೋ ಮೊದಲೇ ಆಯ್ತು. ತಾವರೆ ಬೇಕು ಅಂತ ಬಾಗಿದ್ಲು. ಅಷ್ಟೇ.”

ಸುಕೇಸಿ ಹಾಳೆಯನ್ನು ಮಡಿಚಿ ಚೀಲಕ್ಕಿಟ್ಟಳು.

“ಅಲ್ಲಿ ನೀರು ಕಾಣಲ್ಲ ಬು. ಮೇಲೆಲ್ಲಾ ಅಂತರಗಂಗೆ, ಚಾಪೆ ಹಾಸಿದ ಹಾಗೆ. ಬಿದ್ರೆ ಚಾಪೆ ಮೇಲೆ ಮುಚ್ಕೊಳ್ಳುತ್ತೆ. ಅವನು ಹಾರಿದ. ಎರಡು ಸಲ ಮುಳುಗಿ ಮೂರನೇ ಸಲ ಮಗೂನ ಎತ್ತಿ ಹಿಡಿದ. ನಾನು ಅವಳ ಲಂಗ ಹಿಡಿದು ಎಳ್ಕೊಂಡೆ. ಕುತ್ತಿಗೆ ಕಚ್ಚಿ ಹಿಡ್ಕೊಂಡ್ಲು, ಬಿಡಿಸೋಕೇ ಆಗಲ್ಲ. ಬಿಡಿಸಿ ದೋಣೀಲಿ ಮಲಗಿಸಿ ತಿರುಗಿದ್ರೆ, ಅವನಿದ್ದ ಜಾಗ ಮುಚ್ಕೊಂಡು ಬಿಟ್ಟಿತ್ತು. ಇವನು ಇಲ್ಲಿದ್ದನಾ ಅಲ್ಲಿದ್ದನಾ ಗೊತ್ತಾಗ್ಲಿಲ್ಲ. ಮಗೂಗೆ ಉಸಿರು ಸರಿಯಿರಲಿಲ್ಲ. ಮೊದಲು ಅವಳನ್ನ ಮೆಟ್ಟಿಲಿಗೆ ಮುಟ್ಟಿಸಿ, ಸರ್ತಿನಿ ಕೈಗೆ ಕೊಟ್ಟು, ತಿರುಗಿ ಹೋದೆ.”

ಸರ್ತಿನಿ ಪಾಲುಪಿಯ ತಾಯಿ. ಮಗಳ ಜೊತೆಯಲ್ಲೇ ಇರುವವಳು. ಏಳು ಪ್ರತಿ ಹೊರಗೆ ಹೋಗುವ ಮೊದಲು ಪ್ರತಿ ಅಧ್ಯಾಯವನ್ನೂ ಓದಿ ‘ಚೆನ್ನಾಗಿದೆ ಮಗಳೇ, ಮುಂದೆ ಬರಿ’ ಎನ್ನುವವಳು ಅವಳೇ ಎಂದು ಪಾಲುಪಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಸುಕೇಸಿಗೆ ಈಗ ಆ ಮಾತು ಬೇರೆ ಥರ ಕೇಳಿಸಿತು.

“ಇಬ್ಬರೇ ಇದ್ದದ್ದು ಅಂತ ಹೇಳಿ ಅಂದವಳು ಸರ್ತಿನಿಯಾ?”

“ನಾಲ್ಕು ದಿನ ಜ್ವರ ಮಗೂಗೆ. ಎದ್ದಾಗ ಏನೂ ನೆನಪಿರಲಿಲ್ಲ. ಅಪ್ಪ ಎಲ್ಲಿ ಅಂತ ಕೇಳಿದ್ಲಂತೆ. ಸರ್ತಿನಿ ನನ್ನ ಕೈ ಹಿಡ್ಕೊಂಡು ಕೇಳಿದ್ಲು. ‘ನನ್ನಿಂದ ಅಪ್ಪ ಸತ್ತ ಅಂತ ಅವಳು ಜೀವಮಾನ ಹೊತ್ಕೊಂಡು ತಿರುಗಬೇಕಾ ಜುಮಾದಿ’ ಅಂತ. ನಾನು ಆಯ್ತು ಅಂದೆ. ಇಬ್ಬರು ಅಂದ್ರೆ ನನ್ನ ಮೇಲೆ ಬರುತ್ತೆ ಅನ್ನೋದು ಆಗ ನಮ್ಮಿಬ್ಬರಿಗೂ ಹೊಳೀಲಿಲ್ಲ. ಹೊಳೆದಾಗ ಮಾತು ಕೊಟ್ಟಾಗಿತ್ತು.”

“ನಿಮ್ಮ ಮನೆಯವರು?”

“ತವರಿಗೆ ಹೋದ್ಲು. ಬಾ ಅಂತ ಕರೆಯೋ ಮುಖ ನನಗಿರಲಿಲ್ಲ.” ಅವನು ತಲೆಯಿಂದ ಒಂದು ಸಿಪ್ಪೆ ತೆಗೆದು ನೋಡಿದ. “ಅವಳಿಗಾದ್ರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ.”

ಮೂವತ್ತು ವರ್ಷದಲ್ಲಿ ಎಷ್ಟೋ ಜನ ತಮ್ಮ ತಪ್ಪನ್ನು ಮುಚ್ಚಲು ಬರೆದ ಸುಳ್ಳನ್ನು ಸುಕೇಸಿ ಹಿಡಿದಿದ್ದಳು. ಮಾಡದ ತಪ್ಪನ್ನು ಹೊತ್ತುಕೊಂಡು ಕೂತವನನ್ನು ಇದೇ ಮೊದಲು ನೋಡಿದ್ದು.

“ಪಾಲುಪಿಗೆ ಏನು ಹೇಳ್ತೀರಿ?” ಎಂದು ಅವನೇ ಕೇಳಿದ.

“ನೀವೇ ಹೇಳಿ.”

“ಯಾವನೋ ತಲೆ ಕೆಟ್ಟ ಮುದುಕ ಗೀಚಿದ್ದು ಅನ್ನಿ. ಅವಳ ಪುಸ್ತಕ ಅವಳು ಬರ್ಕೊಳ್ಳಲಿ. ಆ ಸಿಗರೇಟು ಒಂದು ತೆಗೀತಾಳಾ ಕೇಳಿ.”

“ಪಾಕ್, ಅವಳು ದಡ್ಡಿಯಲ್ಲ. ಇವತ್ತಲ್ಲ ನಾಳೆ ಆ ಗೀರಿನ ಸಾಲು ಅವಳನ್ನೇ ಕೇಳುತ್ತೆ. ಬರೀತಾ ಬರೀತಾ ಅವಳೇ ಅಲ್ಲಿಗೆ ಹೋಗಿ ಮುಟ್ತಾಳೆ. ಒಬ್ಬಳೇ ಮುಟ್ಟೋದಕ್ಕಿಂತ ನೀವೂ ಸರ್ತಿನಿಯೂ ಎದುರಿಗೆ ಕೂತಿರೋವಾಗ ತಿಳಿಯೋದು ವಾಸಿ ಅಲ್ವಾ?”

ಅವನು ಉತ್ತರ ಕೊಡುವ ಮೊದಲು ಗಾಳಿ ಒಂದು ಸಲ ಜೋರಾಗಿ ಬೀಸಿ ಅಂಗಳದ ಸಿಪ್ಪೆಯನ್ನೆಲ್ಲ ಬೇಲಿಯ ಕಡೆ ತಳ್ಳಿತು. ಅವನು ಅದನ್ನೇ ನೋಡುತ್ತಿದ್ದ.

“ಮಾತು ಕೊಟ್ಟದ್ದು ಸರ್ತಿನಿಗೆ,” ಎಂದ. “ಬಿಡಿಸೋದಾದ್ರೆ ಅವಳೇ ಬಿಡಿಸಬೇಕು. ಮೊದಲು ಅವಳ ಹತ್ತಿರ ಹೋಗೋಣ. ಅವಳು ಹೂಂ ಅಂದ್ರೆ, ನಾನು ಹೇಳ್ತೀನಿ.”

“ಇವತ್ತೇ?”

“ಬಟ್ಟೆ ಬದಲಾಯಿಸ್ಕೊಂಡು ಬರ್ತೀನಿ.”

ಅವನು ಮೊಣಕಾಲ ಮೇಲೆ ಕೈಯೂರಿ ಏಳುತ್ತಿದ್ದಾಗ ತುಮಿನಾಹ್ ಫೋನು ಹಿಡಿದು ಅಂಗಳಕ್ಕೆ ಬಂದಳು. ಮುಖ ಅರಳಿತ್ತು. ವರಾಂಡದಲ್ಲಿ ಹಾಳೆಯ ವಿಷಯ ಮಾತಾಡಿದ್ದನ್ನೇ ಅವಳು ಮರೆತ ಹಾಗಿತ್ತು.

“ಹತ್ತನೇ ಅಧ್ಯಾಯ ಬಂದಿದೆ. ಒಂದು ದಿನ ಮೊದಲೇ. ಹಾಳೆ ಮಾಡಿಸೋಕೂ ತಾಳ್ಮೆ ಇಲ್ಲ ಅಂತ ಎಲ್ಲರ ಫೋನಿಗೇ ಹಾಕಿದಾಳೆ. ಬು, ನಿಮಗೂ ಬಂದಿರುತ್ತೆ ನೋಡಿ.”

ಸುಕೇಸಿಯ ಫೋನು ಚೀಲದಲ್ಲಿತ್ತು. ಅವಳು ತೆಗೆಯುವ ಮೊದಲೇ ತುಮಿನಾಹ್ ಅಭ್ಯಾಸಬಲದಿಂದ ಗಟ್ಟಿಯಾಗಿ ಓದಲು ಶುರು ಮಾಡಿದ್ದಳು.

“‘ದೋಣಿಯಲ್ಲಿ ಮೂವರಿದ್ದರು. ಮೂರನೆಯವಳು ಅವನ ಹೆಂಡತಿ.’”

ಜುಮಾದಿ ಅರ್ಧ ಎದ್ದವನು ಹಾಗೇ ನಿಂತ.

“ತಾಳಿ, ಕೊನೇಲಿ ನಮಗೆ ಒಂದು ಟಿಪ್ಪಣಿ ಬರೆದಿದಾಳೆ. ‘ಪ್ರಿಯ ಓದುಗರೇ, ಇದು ಕಲ್ಪನೆಯಲ್ಲ. ಅಂಚಿನಲ್ಲಿ ಬರೆದಿದ್ದನ್ನು ಅಮ್ಮನಿಗೆ ತೋರಿಸಿದೆ. ನಿನ್ನೆ ಸಂಜೆ ಅಮ್ಮ ಎಲ್ಲ ಹೇಳಿದಳು. ದೋಣಿಯಲ್ಲಿದ್ದವಳು ತಾನು, ಜಗಳದಲ್ಲಿ ತಳ್ಳಿದವಳೂ ತಾನು ಅಂತ. ಸೋಮವಾರ ತಾನೇ ಠಾಣೆಗೆ ಹೋಗಿ ಹೇಳುತ್ತಾಳಂತೆ. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ನಾಳೆ ಸಂಜೆಯೊಳಗೆ ನಿಮ್ಮ ಅಭಿಪ್ರಾಯ ಬೇಕು. ನಂಬುವ ಹಾಗಿದೆಯೇ, ಅಷ್ಟು ಹೇಳಿ.’” ತುಮಿನಾಹಳ ದನಿ ಓದುತ್ತ ಓದುತ್ತ ಇಳಿದಿತ್ತು. “ಅಯ್ಯೋ ದೇವರೇ. ಬು ಸರ್ತಿನಿಯಾ?”

ಸುಕೇಸಿ ಜುಮಾದಿಯತ್ತ ನೋಡಿದಳು. ಅವನು ತಲೆಯಾಡಿಸಿದ, ಒಂದೇ ಸಲ.

“ಅವಳು ಮನೇಲೇ ಇದ್ಲು,” ಎಂದ. “ಮೆಟ್ಟಿಲ ಮೇಲೆ.”

ಮಗಳು ಮೂರನೆಯವರನ್ನು ಹುಡುಕದಿರಲೆಂದು ತಾಯಿ ತಾನೇ ಆ ಜಾಗದಲ್ಲಿ ಹೋಗಿ ಕುಳಿತಿದ್ದಳು. ಜುಮಾದಿಯನ್ನೂ ಬಿಡಿಸಿ, ಮಗಳನ್ನೂ ಉಳಿಸಿ. ಸುಕೇಸಿಗೆ ಅಷ್ಟು ತಕ್ಷಣ ಅರ್ಥವಾಯಿತು.

“ಪೂರ್ತಿ ಓದಿ,” ಎಂದಳು.

ತುಮಿನಾಹ್ ಓದಿದಳು. ಮಂಜು, ದೋಣಿ, ಗಂಡಹೆಂಡಿರ ಜಗಳ. ಹೆಂಡತಿ ತಳ್ಳಿದಳು, ಗಂಡ ಅಂತರಗಂಗೆಯೊಳಗೆ ಬಿದ್ದ. ಎಲ್ಲ ಜೋಡಿಸಿ ಇಟ್ಟ ಹಾಗೆ ಸರಾಗವಾಗಿ ಹೋಗುತ್ತಿತ್ತು. ಒಂದು ಕಡೆ ತುಮಿನಾಹ್ ತಡವರಿಸಿ ನಿಂತಳು.

“ಇದೊಂದು ಸರಿಯಿಲ್ಲ. ಕೇಳಿ. ‘ಅವನು ಒಂದು ಸಲ ಮೇಲೆ ಬಂದ. ಬಾಯಿ ತುಂಬ ನೀರಿತ್ತು. ಆದರೂ ನಗಲು ನೋಡಿದ. ಕಣ್ಣು ಮುಚ್ಚಿಕೋ, ಕಪ್ಪೆ ಹಿಡಿದುಕೊಂಡು ಈಗ ಬಂದೆ, ಎಂದ.’ ಅಲ್ಲಾ ಬು, ಮುಳುಗೋ ಗಂಡ ತಳ್ಳಿದ ಹೆಂಡತಿಗೆ ಹೀಗ್ಯಾಕೆ ಹೇಳ್ತಾನೆ? ಇದು ಮಕ್ಕಳಿಗೆ ಹೇಳೋ ಮಾತು. ನಂಬೋಕಾಗಲ್ಲ ಅಂತ ಬರೀಲಾ?”

ಜುಮಾದಿ ಗೋಡೆ ಹಿಡಿದು ಮತ್ತೆ ನೆಲಕ್ಕೆ ಕುಳಿತಿದ್ದ.

“ಪಾಕ್?” ಎಂದಳು ಸುಕೇಸಿ.

“ಹೇಳಿದ್ದ,” ಎಂದ ಅವನು. “ಮಗೂನ ನನ್ನ ಕೈಗೆ ಎತ್ತಿ ಕೊಡ್ತಾ ಹೇಳಿದ. ಅಳ್ತಿದ್ಲಲ್ಲ, ಅದಕ್ಕೆ.”

“ಸರ್ತಿನಿಗೆ ನೀವು ಹೇಳಿದ್ರಾ ಇದನ್ನ?”

“ಇಲ್ಲ. ಅವಳು ತಡ್ಕೊಳ್ಳಲ್ಲ ಅಂತ ಹೇಳಲೇ ಇಲ್ಲ. ಯಾರಿಗೂ ಹೇಳಿಲ್ಲ ಬು. ಕೇಳಿಸ್ಕೊಂಡಿದ್ದು ನಾನು. ಇನ್ನೊಂದು ಆ ಮಗು. ಈ ಸಾಲು ಅವಳ ನೆನಪಿಂದಲೇ ಬಂದಿರಬೇಕು.”

ತುಮಿನಾಹಳ ಕೈಯಲ್ಲಿ ಫೋನು ಸದ್ದು ಮಾಡಿತು. ಅವಳು ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿ, ಏನೂ ತಿಳಿಯದೆ ಪರದೆಯನ್ನು ಓದಿದಳು.

“ಪಾಲುಪಿ ಮತ್ತೆ ಹಾಕಿದಾಳೆ. ‘ಬು ಸುಕೇಸಿ, ನೀವು ಓದಿದ್ದೀರಿ ಅಂತ ಗೊತ್ತು. ಬೇರೆಯವರ ಅಭಿಪ್ರಾಯ ಆಮೇಲೆ ನೋಡುತ್ತೇನೆ. ಮೊದಲು ನೀವು ಹೇಳಿ. ಇದರಲ್ಲಿ ಯಾವ ಸಾಲನ್ನು ನಂಬಿದಿರಿ?’”